ಗಟ್ಟಿ ಊಟ

ಆ ಮನೆಯಲ್ಲಿ ತೂಕದ ವಿಷಯಕ್ಕೆ ಬಂದರೆ ಯಾರೂ ಸುಳ್ಳು ಹೇಳುವಂತಿರಲಿಲ್ಲ. ಮನೆಯ ಕೆಳಗೇ ಮಾಂಸದಂಗಡಿ. ಅಂಗಡಿಯ ಹಿಂಬದಿಯಲ್ಲಿ ಇಡೀ ಕುರಿಯನ್ನು ಮಲಗಿಸಿ ತೂಗುವ ದೊಡ್ಡ ಹಲಗೆಯ ತಕ್ಕಡಿ. ಭಾನುವಾರ ಮಧ್ಯಾಹ್ನ ಅಂಗಡಿ ಬಾಗಿಲೆಳೆದ ಮೇಲೆ ಮಗ ಅಪ್ಪನ ಕಂಕುಳಿಗೆ ಕೈಕೊಟ್ಟು ಮೆಟ್ಟಿಲಿಳಿಸಿ, ಆ ಹಲಗೆಯ ಮೇಲೆ ನಿಲ್ಲಿಸುತ್ತಿದ್ದ. ಬೀಳದ ಹಾಗೆ ಹಿಂದೆ ನಿಲ್ಲುವುದು ಸೊಸೆಯ ಕೆಲಸ.

"ಐವತ್ನಾಲ್ಕು," ಎಂದ ಮಗ. "ಹೋದ ವಾರ ಐವತ್ತಾರಿತ್ತು. ಎರಡು ಕಿಲೋ ಎಲ್ಲಿ ಹೋಯ್ತು? ಹೇಳಪ್ಪಾ, ಎಲ್ಲಿ ಹೋಯ್ತು?"

ಮುದುಕನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬಲಗೈ ಮಾತ್ರ ತನ್ನ ಪಾಡಿಗೆ ತಾನು ನಡುಗುತ್ತಿತ್ತು, ಹೆಬ್ಬೆರಳು ತೋರುಬೆರಳು ಸೇರಿ ಕಾಣದ ಗುಳಿಗೆಯೊಂದನ್ನು ಉರುಳಿಸುತ್ತಿರುವ ಹಾಗೆ. ಆ ಕೈಯ ಜೊತೆಗೆ ತಕ್ಕಡಿಯ ಮುಳ್ಳೂ ನಡುಗುತ್ತಿತ್ತು.

"ಮುಳ್ಳು ನಿಲ್ಲೋಕೆ ಬಿಡು!" ಎಂದು ಮಗ ಆ ಕೈಯನ್ನು ಹಿಡಿದು ತೊಡೆಗೆ ಬಡಿದ. ಚಟ್ ಎಂದು ಸದ್ದಾಯಿತು. ಮುದುಕ ವಾಲಿದ, ಸೊಸೆ ಸೊಂಟಕ್ಕೆ ಕೈಹಾಕಿ ಹಿಡಿದುಕೊಂಡಳು.

"ಯಾಕೋ ಹೊಡೀತೀಯ ಅವರನ್ನ?" ಮೆಟ್ಟಿಲ ಮೇಲಿಂದ ಅತ್ತೆ ಕೂಗಿದಳು. "ಬೇಕು ಅಂತ ನಡುಗಿಸ್ತಾರೇನೋ?"

"ಹೊಡೀಲಿಲ್ಲಮ್ಮ. ನಿಲ್ಲಿಸಿದೆ."

ಮುದುಕನಿಗೆ ಬೀದಿಯಲ್ಲಿ 'ಒಂದೇಟು' ಎಂದು ಹೆಸರು. ಎಂಥ ಮೂಳೆಯೇ ಇರಲಿ, ಮಚ್ಚನ್ನು ಒಂದು ಸಲ ಎತ್ತುವುದು, ಒಂದು ಸಲ ಇಳಿಸುವುದು, ಅಷ್ಟೇ. ಮಗ ಅಂಗಡಿಗೆ ಇಳಿದ ಮೊದಲ ವಾರವೇ, ಕಟ್ಟೆಯ ಮುಂದೆ ನಿಂತಿದ್ದವರಲ್ಲಿ ಯಾರೋ "ಅಪ್ಪ ಒಂದೇಟು, ಇವನು ಎರಡೇಟು" ಎಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕಿದ್ದ. ಹದಿನೆಂಟು ವರ್ಷದಿಂದ 'ಎರಡೇಟು' ಎಂಬ ಆ ಹೆಸರು ಅಂಗಡಿಯ ಗೋಡೆಯ ಜಿಡ್ಡಿನ ಹಾಗೆ ಅಂಟಿಕೊಂಡಿತ್ತು, ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಮನೆಯೊಳಗೆ ಮಾತ್ರ ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗಂಡನ ಸಿಟ್ಟನ್ನು ಅಳೆಯಲು ಸೊಸೆ ಅವನ ಮುಖ ನೋಡಬೇಕಾಗಿರಲಿಲ್ಲ. ಮೇಲೆ ಅಡುಗೆಮನೆಯಲ್ಲಿ ನಿಂತು ಕೆಳಗೆ ಮಚ್ಚು ದಿಮ್ಮಿಯ ಮೇಲೆ ಬೀಳುವ ಸದ್ದು ಕೇಳಿದರೆ, ಅಂದಿನ ಊಟ ಹೇಗೆ ನಡೆಯುತ್ತದೆಂದು ತಿಳಿದುಬಿಡುತ್ತಿತ್ತು.

ಮರುದಿನ ಮಾವನನ್ನು ಆಸ್ಪತ್ರೆಗೆ ಕರೆದೊಯ್ದವಳು ಅವಳೇ. ಗಂಡನಿಗೆ ಅಂಗಡಿ, ಅತ್ತೆಗೆ ಮಂಡಿನೋವು. ಪಾರ್ಕಿನ್ಸನ್ ಕಾಯಿಲೆ ಎಂದು ಹೆಸರಿಟ್ಟು ಆಗಲೇ ನಾಲ್ಕು ವರ್ಷವಾಗಿತ್ತು. ಆದರೆ ಈ ಪರಿ ಇಳಿದದ್ದು ಈಚೆಗೆ. ಡಾಕ್ಟರರ ಕೋಣೆಯ ಬಾಗಿಲಲ್ಲಿ ಜನ ಮೈಮೇಲೆ ಬೀಳುವ ಹಾಗೆ ನಿಂತಿದ್ದರು.

"ಊಟ ಮಾಡುವಾಗ ಕೆಮ್ತಾರಾ?" ಡಾಕ್ಟರು ಕೇಳಿದರು.

"ಹೂಂ ಡಾಕ್ಟ್ರೇ. ನೀರು ಕುಡಿದ್ರೂ ಕೆಮ್ಮು, ಸೂಪು ಕುಡಿದ್ರೂ ಕೆಮ್ಮು, ಗಂಜಿ ಕುಡಿದ್ರೂ ಕೆಮ್ಮು."

"ನೀರುನೀರಾಗಿ ಕೊಡಬೇಡಿ. ಗಟ್ಟಿಯಾಗಿ ಕೊಡಿ. ಮಾತ್ರೆ ತಪ್ಪಿಸಬೇಡಿ. ತೂಕ ನಲವತ್ತೆಂಟರ ಕೆಳಗೆ ಹೋದ್ರೆ ತಂದು ಸೇರಿಸಿ. ಮೂಗಿನಿಂದ ಕೊಳವೆ ಹಾಕಿ ಊಟ ಕೊಡಬೇಕಾಗುತ್ತೆ."

ಅವಳು ಇನ್ನೇನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ನಂಬರು ಕೂಗಿದರು. ಗಾಲಿಕುರ್ಚಿಯೊಂದು ಬಂದು ಅವಳ ಹಿಮ್ಮಡಿಗೆ ತಾಕಿತು.

ಬಸ್ಸಿನಲ್ಲಿ ಮಾವ ಏನೋ ಅಂದ. ಅವನ ದನಿ ಈಗೀಗ ಪಕ್ಕದಲ್ಲಿ ಕೂತವರಿಗೂ ಕೇಳುತ್ತಿರಲಿಲ್ಲ. ಅವಳು ಕಿವಿ ಹತ್ತಿರ ತಂದಳು.

"ಕೊಳವೆ ಬೇಡಮ್ಮಾ."

"ಇಲ್ಲ ಮಾವ. ಅಲ್ಲಿವರೆಗೂ ಬಿಡಲ್ಲ."

"ಬಾಯಲ್ಲೇ ತಿಂತೀನಿ," ಎಂದ ಅವನು. ತುಟಿಯ ಕೊನೆಯಲ್ಲಿ ಜೊಲ್ಲು ಇಳಿಯುತ್ತಿತ್ತು. ಅವಳು ಸೆರಗಿನಿಂದ ಒರೆಸಿದಳು.

ಮನೆಗೆ ಬಂದಾಗ ಗಂಡ ಕುರಿಯ ತೊಡೆಯನ್ನು ಕೊಕ್ಕೆಗೆ ಏರಿಸುತ್ತಿದ್ದ. "ಏನಂದ್ರು?"

"ನೀರಾಗಿ ಕೊಡಬಾರದಂತೆ. ಗಟ್ಟಿಯಾಗಿ ಕೊಡಬೇಕಂತೆ."

ಈಗ ಒಂದು ಮಾತು ಹೇಳಬೇಕು. ಆ ಅಂಗಡಿಯಲ್ಲಿ 'ಗಟ್ಟಿ' ಎಂದರೆ ಒಂದೇ ಅರ್ಥ. ಗಿರಾಕಿಗಳು "ಅರ್ಧ ಕಿಲೋ ಗಟ್ಟಿ ಕೊಡು" ಎಂದರೆ ತೊಡೆಯ, ಮೂಳೆಯಿಲ್ಲದ, ಕೊಬ್ಬಿಲ್ಲದ ಮಾಂಸ ಕೊಡು ಎಂದು. ಅಪ್ಪನ ಕಾಲದಿಂದ ಹಾಗೇ ನಡೆದು ಬಂದಿತ್ತು. ಸೊಸೆ ಮದುವೆಯಾಗಿ ಬಂದು ಹನ್ನೆರಡು ವರ್ಷವಾಗಿ, ಅವಳ ಕಿವಿಗೂ ಆ ಮಾತು ಹಾಗೇ ಕೂತುಹೋಗಿತ್ತು.

ಗಂಡನ ಮುಖ ಬೆಳಗಿತು. "ನಾನು ಬಡ್ಕೊಳ್ತಿರಲಿಲ್ವಾ? ಕೇಳಿಸ್ಕೊಂಡ್ಯೇನಮ್ಮಾ? ಗಂಜಿ ಸೂಪು ಅಂತ ಕುಡಿಸಿ ಕುಡಿಸಿಯೇ ನೀವಿಬ್ರೂ ಅಪ್ಪನ್ನ ಈ ಗತಿಗೆ ತಂದ್ರಿ. ಡಾಕ್ಟ್ರೇ ಹೇಳಿದಾರೆ, ಗಟ್ಟಿ ಕೊಡಿ ಅಂತ!" ಕೊಕ್ಕೆಗೆ ಏರಿಸಿದ ತೊಡೆಯನ್ನೇ ಇಳಿಸಿ, ಒಳ್ಳೆಯ ಜಾಗ ನೋಡಿ ಕೊಯ್ದುಕೊಟ್ಟ.

ಅಂದಿನಿಂದ ಮೂರು ಹೊತ್ತೂ ಮಾಂಸ. ಜೊತೆಗೆ ಒಂದು ಲೋಟ ಹಾಲು, ಬೇಯಿಸಿದ ಮೊಟ್ಟೆ. ಅತ್ತೆಯದು ಇನ್ನೊಂದು ಹಟ: ಮಾತ್ರೆ ಬಹಳ ಕಾವು, ಖಾಲಿ ಹೊಟ್ಟೆಗೆ ಬಿದ್ದರೆ ಕರುಳು ಸುಡುತ್ತದೆ. ಅದಕ್ಕೇ ಊಟದ ನಡುವೆ, ಹಾಲಿನ ಗುಟುಕಿನ ಜೊತೆ, ಮಾತ್ರೆ ನುಂಗಿಸುತ್ತಿದ್ದಳು. ಮಾತ್ರೆ ನುಂಗಿದ ಮೇಲಾದರೂ ಸಡಿಲವಾಗಬೇಕಾಗಿದ್ದ ಮೈ ದಿನದಿನಕ್ಕೆ ಬಿಗಿಯುತ್ತ ಹೋಯಿತು. ಒಂದು ತುಂಡನ್ನು ಮುದುಕ ಕಾಲು ಗಂಟೆ ಅಗಿಯುತ್ತಿದ್ದ. ಅಗಿದದ್ದು ಒಳಗೆ ಹೋಗುತ್ತಿರಲಿಲ್ಲ. ಹೋದದ್ದು ಹೊರಗೆ ಬರುತ್ತಿರಲಿಲ್ಲ. ಆರು ದಿನಕ್ಕೊಮ್ಮೆ ಹೊಟ್ಟೆ ಕಲ್ಲಾಗಿ ನರಳುತ್ತಿದ್ದ.

"ಅಪ್ಪಾ, ತಾತ ಕೆನ್ನೆಯೊಳಗೆ ಇಟ್ಕೊಂಡಿದಾರೆ, ಅಳಿಲಿನ ಹಾಗೆ!" ಎಂದು ಹತ್ತು ವರ್ಷದ ಮೊಮ್ಮಗಳು ನಕ್ಕಳು.

ಅವಳ ಅಪ್ಪ ನಗಲಿಲ್ಲ. ಎದ್ದು ಬಂದು ಮುದುಕನ ದವಡೆಯನ್ನು ಎರಡು ಬೆರಳಲ್ಲಿ ಒತ್ತಿ ಬಾಯಿ ತೆರೆಸಿದ. ಕೆನ್ನೆಯ ಮೂಲೆಯಿಂದ ಬಿಳಿಚಿದ ಮಾಂಸದ ಉಂಡೆಯೊಂದನ್ನು ತೋಡಿ ತೆಗೆದು ತಟ್ಟೆಗೆ ಎಸೆದ. "ಬೆಳಗಿನದು ಇದು! ಬೆಳಗಿನದು ಇನ್ನೂ ಬಾಯಲ್ಲಿದೆ! ಯಾರಿಗೆ ಟೋಪಿ ಹಾಕ್ತೀಯ?"

ಮುದುಕ ಕಣ್ಣು ಮಿಟುಕಿಸದೆ ನೋಡಿದ.

"ನೋಡು, ಹೇಗೆ ನೋಡ್ತಾನೆ ನೋಡು. ಚಿಕ್ಕಂದಿನಿಂದ ಇದೇ ನೋಟ. ನಾನು ಕೊಯ್ದ ಮಾಂಸ ಅಂದ್ರೆ ಇವನಿಗೆ ಅಸಹ್ಯ."

"ಅವರ ಮುಖವೇ ಹಾಗಾಗಿದೆ ರೀ," ಎಂದಳು ಸೊಸೆ. "ನಗೋಣ ಅಂದ್ರೂ ಆಗಲ್ಲ ಅವರಿಗೆ. ವಾಸನೆ ಬೇರೆ ತಿಳಿಯಲ್ಲ. ಏನು ತಿಂದ್ರೂ ಕಾಗದ ತಿಂದ ಹಾಗಂತೆ."

"ನಿನಗೆ ಹೇಳ್ತಾನೆ. ನನಗೆ ಯಾಕೆ ಹೇಳಲ್ಲ?"

"ನಿಮಗೆ ಹೇಳೋಕೆ ಅವಕಾಶ ಎಲ್ಲಿದೆ?"

ತಟ್ಟೆ ಹಾರಿ ಗೋಡೆಗೆ ಬಡಿಯಿತು. ಸಾರಿನ ಕಲೆ ಮೇಲಿಂದ ಕೆಳಗೆ ಉದ್ದಕ್ಕೆ ಇಳಿಯಿತು. ಅದನ್ನು ತೊಳೆಯುತ್ತಿದ್ದಾಗ ಮೊಮ್ಮಗಳು ಪಿಸುಗುಟ್ಟಿದಳು, "ಅಮ್ಮಾ, ನಾನು ಅಳಿಲು ಅನ್ನಬಾರದಿತ್ತು."

"ನಿನ್ನದೇನೂ ತಪ್ಪಿಲ್ಲ ಬಿಡು," ಎಂದಳು ಅವಳು. ಯಾರದು ತಪ್ಪು ಎಂದು ಅವಳಿಗೂ ಆಗ ಗೊತ್ತಿರಲಿಲ್ಲ.

ಆಸ್ಪತ್ರೆಗೆ ಹೋಗಿಬಂದ ಮೇಲಿನ ಎರಡನೆಯ ಭಾನುವಾರ ಮುಳ್ಳು ಐವತ್ತೊಂದಕ್ಕೆ ಬಂತು. ಆ ವಾರ ಗಂಡ ಊಟದ ಜವಾಬ್ದಾರಿ ತಾನೇ ತೆಗೆದುಕೊಂಡ. "ನಿಮ್ಮ ಮುದ್ದು ಮಾತಿಗೆ ಬಾಯಿ ತೆಗೆಯೋನಲ್ಲ ಇವನು. ಗಟ್ಟಿಯಾಗಿ ಕೊಡಬೇಕು ಅಂತಾನೇ ಅಲ್ವಾ ಡಾಕ್ಟ್ರು ಹೇಳಿದ್ದು? ಗಟ್ಟಿಯಾಗಿಯೇ ಕೊಡ್ತೀನಿ."

ಮುದುಕನ ಹಿಂದೆ ನಿಂತು, ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು, ಮೂಗು ಮುಚ್ಚಿದ. ಉಸಿರಿಗೆಂದು ಬಾಯಿ ತೆರೆದಾಗ ಚಮಚ ತುರುಕಿದ. ಮೊದಲ ದಿನ ತುಟಿ ಒಡೆಯಿತು. ಮೂರನೆಯ ದಿನ ಉಕ್ಕಿನ ಚಮಚಕ್ಕೆ ಹಲ್ಲು ಸಿಕ್ಕಿ ಕಟಕ್ಕೆಂದಿತು. ಮುದುಕನ ಕಣ್ಣಲ್ಲಿ ನೀರು ಬಂತು, ಮುಖ ಮಾತ್ರ ಹಾಗೇ ಇತ್ತು. ರಕ್ತ ಜೊಲ್ಲಿನ ಜೊತೆ ಸೇರಿ ಎಳೆಎಳೆಯಾಗಿ ಅಂಗಿಯ ಮೇಲೆ ಇಳಿಯಿತು. ಮರುಕ್ಷಣ ಅವನು ಇದ್ದ ಶಕ್ತಿಯನ್ನೆಲ್ಲ ದವಡೆಗೆ ತಂದು ಮಗನ ಹೆಬ್ಬೆರಳು ಕಚ್ಚಿದ.

ಮಗ ಕಿರುಚಿ, ಇನ್ನೊಂದು ಕೈಯಿಂದ ಅಪ್ಪನ ಕೆನ್ನೆಗೆ ಬಾರಿಸಿದ.

ಮೊದಲು ಎದ್ದವಳು ಅತ್ತೆ. ಮಂಡಿನೋವಿನ ಹೆಂಗಸು, ಹೇಗೆ ಎದ್ದಳೋ, ಸೌಟು ತಂದು ಮಗನ ಬೆನ್ನಿಗೆ, ಭುಜಕ್ಕೆ, ತಲೆಗೆ ಸಿಕ್ಕಸಿಕ್ಕಲ್ಲಿ ಬಿಗಿದಳು. "ಕೈ ಸೇದಿಹೋಗ ನಿಂದು! ಹೆತ್ತಪ್ಪನ ಮೇಲೆ ಎತ್ತಿದ ಕೈ ಸೇದಿಹೋಗ!"

"ಹೊಡಿ, ನನ್ನನ್ನೇ ಹೊಡಿ! ಅವನು ಸತ್ರೆ ಊರು ನನ್ನನ್ನಲ್ವಾ ಕೇಳೋದು?" ಎಂದು ಅವನು ಕೂಗಿದ. ಸೌಟಿನ ಹಿಡಿ ಮುರಿಯುವವರೆಗೂ ತಲೆ ತಗ್ಗಿಸಿಕೊಂಡು ನಿಂತಿದ್ದ. ಸೊಸೆ ನೆಲದ ಮೇಲೆ ಹಲ್ಲಿನ ಚೂರು ಹುಡುಕಿ ತೆಗೆದು, ಯಾಕೆಂದು ತಿಳಿಯದೆ, ಮಾತ್ರೆಯ ಡಬ್ಬಿಯಲ್ಲಿ ಹಾಕಿಟ್ಟಳು.

ಮೂರನೆಯ ಭಾನುವಾರ ನಲವತ್ತೊಂಬತ್ತು. ಇನ್ನೊಂದೇ ಕಿಲೋ.

ಸೋಮವಾರ ಕಟ್ಟೆಯ ಮುಂದೆ ಹಳೆಯ ಗಿರಾಕಿ ದರ್ಜಿ ನಿಂತಿದ್ದ. ಮೇಲಿನ ಕಿಟಕಿಯಲ್ಲಿ ಕೂತಿದ್ದ ಮುದುಕನನ್ನು ನೋಡಿ, "ಏನಯ್ಯಾ ಎರಡೇಟು, ಬೀದಿಗೆಲ್ಲ ಮಾಂಸ, ಒಂದೇಟಿಗೆ ಬರೀ ಮೂಳೆನಾ?" ಎಂದ. ತಮಾಷೆಗೇ ಅಂದದ್ದು. ಮೇಲೆ ಅಡುಗೆಮನೆಯಲ್ಲಿ ಸೊಸೆಗೆ ಮಚ್ಚು ದಿಮ್ಮಿಗೆ ಬಿದ್ದದ್ದು ಕೇಳಿಸಿತು, ಮತ್ತೆ ಎತ್ತಿದ್ದು ಕೇಳಿಸಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ.

ಬಂದವನೇ ತಟ್ಟೆಯಿಂದ ದೊಡ್ಡ ತುಂಡೊಂದನ್ನು ಎತ್ತಿ ಅಪ್ಪನ ಬಾಯಿಗಿಟ್ಟು ಅಂಗೈಯಿಂದ ಬಾಯಿ ಮುಚ್ಚಿದ. "ನುಂಗು! ನುಂಗು ಅಂದೆ!"

ಮುದುಕ ನುಂಗಲು ನೋಡಿದ. ತುಂಡು ಅರ್ಧದಲ್ಲೇ ನಿಂತಿತು. ಕೆಮ್ಮು ಬರಲಿಲ್ಲ, ಸದ್ದೇ ಬರಲಿಲ್ಲ. ತುಟಿ ನೀಲಿಗೆ ತಿರುಗಿತು. ಆಗ ಮಗನೇ ಬೆದರಿ, ಅಪ್ಪನನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿಗೆ ಗುದ್ದಿದ. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ತುಂಡು ಹಾರಿ ನೆಲಕ್ಕೆ ಬಿತ್ತು. ಮುದುಕ ಎಳೆದ ಉಸಿರಿನ ಸದ್ದಿಗೆ ಮೊಮ್ಮಗಳು ಹೋಗಿ ಬಾಗಿಲ ಹಿಂದೆ ನಿಂತಳು. ಮಗ ಕೈ ನೋಡಿಕೊಳ್ಳುತ್ತ ಕೆಳಗಿಳಿದು ಹೋದ.

ಮರುದಿನ ಬೆಳಿಗ್ಗೆ ಮಾತ್ರೆ ತರಲೆಂದು ಸೊಸೆ ಒಬ್ಬಳೇ ಆಸ್ಪತ್ರೆಗೆ ಹೋದಳು. ಔಷಧದ ಕಿಟಕಿಯ ಪಕ್ಕದ ಸಣ್ಣ ಕೋಣೆಯಲ್ಲಿ ನುಂಗುವುದನ್ನು ಕಲಿಸುವ ಹೆಂಗಸೊಬ್ಬಳು ಕೂತಿದ್ದಳು. ಅವಳ ಬಾಗಿಲಲ್ಲಿ ಅವತ್ತು ಯಾರೂ ಇರಲಿಲ್ಲ.

"ಮನೇಲಿ ಯಾರಿಗೆ?"

"ನಮ್ಮ ಮಾವನಿಗೆ. ನುಂಗೋಕೆ ಆಗ್ತಿಲ್ಲ. ಡಾಕ್ಟ್ರು ಹೇಳಿದ ಹಾಗೇ ಮೂರು ಹೊತ್ತೂ ಗಟ್ಟಿ ಕೊಡ್ತಿದೀವಿ. ಆದ್ರೂ ಇಳೀತಿದಾರೆ."

"ಗಟ್ಟಿ ಅಂದ್ರೆ? ಏನು ಕೊಡ್ತಿದೀರಾ?"

"ಅದೇ, ತೊಡೆಮಾಂಸ. ಒಳ್ಳೇ ಗಟ್ಟಿ. ನಮ್ಮದೇ ಅಂಗಡಿ."

ಆ ಹೆಂಗಸು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ಒಂದು ಲೋಟ ನೀರು ತೆಗೆದುಕೊಂಡು, ಡಬ್ಬಿಯಿಂದ ಒಂದು ಚಮಚ ಬಿಳಿ ಪುಡಿ ಹಾಕಿ ಕದಡಿದಳು. ಚಮಚ ಎತ್ತಿ ಬಗ್ಗಿಸಿದಾಗ ನೀರು ಜೇನಿನ ಹಾಗೆ ನಿಧಾನವಾಗಿ ಇಳಿಯಿತು.

"ಇದಮ್ಮಾ ಗಟ್ಟಿ," ಎಂದಳು. "ನೀರು ತೆಳ್ಳಗಿದ್ರೆ ಓಡಿಹೋಗಿ ಉಸಿರಿನ ದಾರಿಗೆ ಬೀಳುತ್ತೆ. ಹೀಗಿದ್ರೆ ಆ ದಾರಿ ಮುಚ್ಚೋಕೆ ಗಂಟಲಿಗೆ ಹೊತ್ತು ಸಿಗುತ್ತೆ. ಗಂಜಿ ಗಟ್ಟಿ, ಸೂಪು ಗಟ್ಟಿ. ತುಂಡು ಮಾಂಸ ಅಲ್ಲ."

ಸೊಸೆ ಬೆಂಚು ಹಿಡಿದು ಕೂತಳು.

ಹೆಂಗಸು ಆ ಪುಡಿಯ ಡಬ್ಬಿಯೊಂದನ್ನು ಅವಳ ಕೈಗಿಟ್ಟು ಇನ್ನೂ ಹೇಳಿದಳು. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ಗಟ್ಟಿ ಮಾಡಿದ ನೀರಲ್ಲಿ ಕೊಡಬೇಕು. "ಮಾಂಸ, ಹಾಲು, ಮೊಟ್ಟೆ ಒಂದು ಕಡೆ, ಈ ಮಾತ್ರೆ ಒಂದು ಕಡೆ. ಇಬ್ಬರೂ ಒಂದೇ ಬಾಗಿಲಲ್ಲಿ ಒಳಗೆ ಹೋಗಬೇಕು. ಮಾಂಸ ಮೊದಲು ನುಗ್ಗಿದ್ರೆ ಮಾತ್ರೆ ಹೊರಗೇ ನಿಂತ್ಕೊಳುತ್ತೆ. ಮಾಂಸ ಬೇಡ ಅನ್ನಲ್ಲ, ಈ ತೂಕಕ್ಕೆ ಬೇಕೇ ಬೇಕು. ನುಣ್ಣಗೆ ಕೊಚ್ಚಿ, ಬೇಯಿಸಿ, ಅರೆದು, ಸಂಜೆ ಊಟಕ್ಕೆ ಕೊಡಿ. ನುಂಗುವಾಗ ಗದ್ದ ಎದೆ ಕಡೆ ಬಗ್ಗಿರಲಿ. ತಲೆ ಹಿಂದಕ್ಕೆ ಮಾತ್ರ ಹಿಡೀಬೇಡಿ."

ತಲೆ ಹಿಂದಕ್ಕೆ. ಸೊಸೆಗೆ ಗಂಡನ ಹೊಟ್ಟೆಗೆ ಒತ್ತಿದ ಮಾವನ ತಲೆ ಕಣ್ಣಿಗೆ ಕಟ್ಟಿತು.

ಬಸ್ಸಿನಲ್ಲಿ ಕೂತು ಅವಳು ಲೆಕ್ಕ ಹಾಕಿದಳು. ಯಾರಿಗೂ ಹೇಳದೆ ಗಂಜಿ ಗಟ್ಟಿ ಮಾಡಿಬಿಡಬಹುದು. ಆದರೆ ಮಧ್ಯಾಹ್ನವಾದರೆ ಗಂಡ ಮಾಂಸ ಹಿಡಿದು ಮೇಲೆ ಬರುತ್ತಾನೆ. ಹೇಳಿದರೆ ತನಗೆ ಏಟು ಬೀಳುತ್ತದೆ. ಹೇಳದಿದ್ದರೆ ಮಾವ ಉಳಿಯುವುದಿಲ್ಲ. ಇಳಿಯುವ ಜಾಗ ಬರುವಷ್ಟರಲ್ಲಿ ಅವಳಿಗೆ ಏಟೇ ಹಗುರವೆನಿಸಿತು.

ಮೇಲೆ ಹೋದಾಗ ಗಂಡ ಆಗಲೇ ಅಪ್ಪನ ಹಿಂದೆ ನಿಂತಿದ್ದ. ಅವಳು ಹೋಗಿ ತಟ್ಟೆಯನ್ನು ಕಿತ್ತುಕೊಂಡಳು.

"ಕೊಡೇ ಇಲ್ಲಿ."

"ಕೊಡಲ್ಲ. ನಾನು ತಪ್ಪು ತಿಳ್ಕೊಂಡೆ ರೀ. ಡಾಕ್ಟ್ರು ಹೇಳಿದ ಗಟ್ಟಿ ನಮ್ಮ ಅಂಗಡಿ ಗಟ್ಟಿ ಅಲ್ಲ. ಗಂಜಿ ಗಟ್ಟಿ ಮಾಡಿ, ನೀರು ಗಟ್ಟಿ ಮಾಡಿ ಅಂದಿದ್ದು. ಮಾಂಸದ ಜೊತೆ ಕೊಟ್ಟಿದ್ದಕ್ಕೆ ಮಾತ್ರೆಯೂ ಹತ್ತಿಲ್ಲ. ಮೂರು ವಾರದಿಂದ ನಾವೇ ಇವರನ್ನ..."

ಮುಗಿಸಲು ಬಿಡಲಿಲ್ಲ. ಏಟಿಗೆ ಅವಳು ಪಾತ್ರೆಯ ಕಪಾಟಿಗೆ ಹೋಗಿ ಬಿದ್ದಳು. ತಟ್ಟೆ ಉರುಳಿತು, ಲೋಟಗಳು ಒಂದರ ಮೇಲೊಂದು ಸದ್ದು ಮಾಡುತ್ತ ಬಿದ್ದವು. ಹುಬ್ಬಿನ ಮೇಲೆ ಬೆಚ್ಚಗೆ ಏನೋ ಹರಿಯಿತು.

"ನಿನ್ನ ಒಂದು ಮಾತಿಗೆ ಅಪ್ಪನ ಹಲ್ಲು ಮುರಿದೆನಲ್ಲೇ! ಒಂದು ಮಾತಿಗೆ!" ಗಂಡನ ದನಿ ಒಡೆದಿತ್ತು.

ಅವಳು ಕಪಾಟು ಹಿಡಿದು ಎದ್ದಳು. "ಮಾತು ನಾನು ತಂದಿದ್ದು, ಒಪ್ತೀನಿ. ಕೈ ನಿಮ್ಮದೇ."

ಅವನ ಕೈ ಮತ್ತೆ ಮೇಲಕ್ಕೆ ಹೋಯಿತು.

"ಎರಡೇಟು."

ದನಿ ಸಣ್ಣದು, ಆದರೆ ಲೋಟಗಳ ಸದ್ದು ನಿಂತ ಹೊತ್ತಾದ್ದರಿಂದ ಎಲ್ಲರಿಗೂ ಕೇಳಿಸಿತು. ಮುದುಕ ಮಗನನ್ನೇ ನೋಡುತ್ತಿದ್ದ, ಅದೇ ಮುಖ, ಅದೇ ನೋಟ. ಮನೆಯೊಳಗೆ ಆ ಹೆಸರು ಬಂದದ್ದು ಅದೇ ಮೊದಲು. ಗಂಡನ ಕೈ ಎತ್ತಿದಲ್ಲೇ ನಿಂತಿತು, ಆಮೇಲೆ ತಾನಾಗಿ ಇಳಿಯಿತು. ಅವನು ಮೆಟ್ಟಿಲಿಳಿದ. ಅವತ್ತು ಮಧ್ಯಾಹ್ನವೆಲ್ಲ ಕೆಳಗಿನಿಂದ ಮಚ್ಚಿನ ಸದ್ದೇ ಬರಲಿಲ್ಲ.

ಅತ್ತೆ ಸೊಸೆಯ ಹುಬ್ಬಿಗೆ ಬಟ್ಟೆ ಒತ್ತಿ ಹಿಡಿದಳು. "ಮಾತ್ರೆ ಹಾಲಲ್ಲಿ ಕೊಟ್ಟೋಳು ನಾನು ಕಣೇ. ಅದನ್ನೂ ನಿನ್ನ ತಲೆಗೆ ಯಾಕೆ ಹಾಕ್ಕೊಂಡೆ?"

"ತಲೆ ಹೇಗೂ ಒಡೆದಿತ್ತಲ್ಲ ಅತ್ತೆ," ಎಂದಳು ಸೊಸೆ. ಅತ್ತೆ ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು.

ಬುಧವಾರದಿಂದ ಅಡುಗೆಮನೆಯ ಗಡಿಯಾರಕ್ಕೆ ಕೆಲಸ ಬಂತು. ಮಾತ್ರೆ ಕೊಟ್ಟ ಹೊತ್ತನ್ನು ಮೊಮ್ಮಗಳು ಸ್ಲೇಟಿನಲ್ಲಿ ಬರೆಯುವಳು. ಅರ್ಧ ಗಂಟೆ, ಕೆಲವು ದಿನ ಮುಕ್ಕಾಲು ಗಂಟೆ ಕಳೆದರೆ ಮುದುಕನ ಭುಜ ಇಳಿಯುತ್ತಿತ್ತು, ಬೆರಳು ಬಿಡಿಸಿಕೊಳ್ಳುತ್ತಿತ್ತು. ಆಗ ಗಟ್ಟಿ ಗಂಜಿ, ತರಕಾರಿ ಅರೆದ ಗಟ್ಟಿ ಸೂಪು, ಬಾಳೆಹಣ್ಣಿನ ಗೊಜ್ಜು. "ಗದ್ದ ಕೆಳಗೆ ತಾತ, ಗದ್ದ ಕೆಳಗೆ!" ಎಂದು ಮೊಮ್ಮಗಳು ಮೇಷ್ಟರ ಹಾಗೆ ಬೆರಳಾಡಿಸುವಳು. ಒಂದು ಬಟ್ಟಲಿಗೆ ಐವತ್ತು ನಿಮಿಷ. ತಣ್ಣಗಾದರೆ ಮತ್ತೆ ಬಿಸಿ ಮಾಡಿ ತರುವುದು. ಕೆಮ್ಮು ಪೂರ್ತಿ ಹೋಗಲಿಲ್ಲ. ಕಡಿಮೆಯಾಯಿತು.

ಗಂಡ ಮೇಲೆ ಬರುವುದು ಬಿಟ್ಟ. ಕೆಳಗೇ ಬ್ರೆಡ್ಡು ತಿಂದುಕೊಂಡ. ಸೊಸೆ ಅವನೊಡನೆ ಮಾತಾಡಲಿಲ್ಲ, ಬಡಿಸಲೂ ಇಲ್ಲ. "ಹಸಿದು ಸಾಯ್ತಾನೇನೋ," ಎಂದಳು ಅತ್ತೆ ಒಂದು ಸಲ. "ಅವರನ್ನ ತೂಗಿದ ಮೇಲೆ ನೋಡೋಣ ಅತ್ತೆ," ಎಂದಳು ಸೊಸೆ.

ಭಾನುವಾರ ಗಂಡ ಬಂದು ಅಪ್ಪನನ್ನು ಇಳಿಸಿಕೊಂಡು ಹೋಗಿ ಹಲಗೆಯ ಮೇಲೆ ನಿಲ್ಲಿಸಿದ. ಕೈ ನಡುಗಿತು, ಮುಳ್ಳು ನಡುಗಿತು. ಅವನು ಕೈ ಹಿಡಿಯಲಿಲ್ಲ. ಮುಳ್ಳು ತಾನಾಗಿ ನಿಲ್ಲಲೆಂದು ಕಾದ. ನಲವತ್ತೊಂಬತ್ತರಿಂದ ಮೇಲೆ ಹೋಗಿರಲಿಲ್ಲ. ಕೆಳಗೂ ಹೋಗಿರಲಿಲ್ಲ.

ಸಂಜೆ ಐದರ ಹೊತ್ತಿಗೆ ಕೆಳಗೆ ಸದ್ದು ಶುರುವಾಯಿತು. ಸೊಸೆ ಕಿವಿಗೊಟ್ಟಳು. ಮಚ್ಚಿನ ಸದ್ದಲ್ಲ, ಸಣ್ಣ ಚಾಕುವಿನದು. ಚಕಚಕ, ಚಕಚಕ, ಬಿಡುವಿಲ್ಲದೆ, ಮುಕ್ಕಾಲು ಗಂಟೆ. ಎರಡೇಟಲ್ಲ, ಸಾವಿರ ಏಟಿರಬೇಕು. ಆಮೇಲೆ ಗಂಡ ಮೇಲೆ ಬಂದು ಒಂದು ಬಟ್ಟಲು ಕಟ್ಟೆಯ ಮೇಲಿಟ್ಟ. ಅಷ್ಟು ನುಣ್ಣಗೆ ಕೊಚ್ಚಿದ ಮಾಂಸವನ್ನು ಆ ಅಂಗಡಿಯಿಂದ ಅವಳು ಎಂದೂ ನೋಡಿರಲಿಲ್ಲ. ಅವಳು ಬೇಯಿಸಿ, ಅರೆದು, ಸೂಪಿನಲ್ಲಿ ಕದಡಿ ಗಟ್ಟಿ ಮಾಡಿದಳು.

"ನಾನು ಕೊಡ್ಲಾ?" ಎಂದ ಗಂಡ. ಅವಳನ್ನಲ್ಲ, ಅಮ್ಮನನ್ನು ಕೇಳಿದ.

"ಅವರನ್ನೇ ಕೇಳು," ಎಂದಳು ಅಮ್ಮ.

ಅವನು ಅಪ್ಪನ ಹಿಂದೆ ನಿಲ್ಲಲಿಲ್ಲ. ಎದುರಿಗೆ ನೆಲದ ಮೇಲೆ ಕೂತು ಚಮಚ ಮುಂದೆ ಹಿಡಿದ. "ಅಪ್ಪಾ, ಬಾಯಿ ತೆಗೀರಿ."

ಮುದುಕ ತೆಗೆಯಲಿಲ್ಲ. ಮೊಮ್ಮಗಳ ಕೈಗೆ, ಸೊಸೆಯ ಕೈಗೆ ತೆರೆಯುತ್ತಿದ್ದ ಬಾಯಿ ಹೊಲಿದ ಹಾಗೆ ಮುಚ್ಚಿತ್ತು. ಹತ್ತು ನಿಮಿಷ. ಕಾಲು ಗಂಟೆ. ಚಮಚದ ಮೇಲೆ ಕೆನೆ ಕಟ್ಟಿತು. ಸೊಸೆ ಬಟ್ಟಲು ಒಯ್ದು ಬಿಸಿ ಮಾಡಿ ತಂದಿಟ್ಟಳು. ಗಂಡನ ಕುತ್ತಿಗೆಯ ನರ ಉಬ್ಬಿತು. ಅವಳು ಒಂದು ಹೆಜ್ಜೆ ಹತ್ತಿರ ಬಂದು ನಿಂತಳು. ಅವನು ಚಮಚವನ್ನು ಬಟ್ಟಲಿನಲ್ಲಿಟ್ಟು, ಎರಡೂ ಕೈಗಳನ್ನು ತನ್ನ ತೊಡೆಯ ಕೆಳಗೆ ಸೇರಿಸಿಕೊಂಡು ಕೂತ.

ಆಗ ಮುದುಕನ ಬಲಗೈ ಮುಂದೆ ಬಂತು. ಚಮಚ ಹಿಡಿಯಲು ಮೂರು ಸಲ ನೋಡಿತು. ಮೊದಲ ಚಮಚ ಮಗನ ಮಂಡಿಯ ಮೇಲೆ ಚೆಲ್ಲಿತು. ಎರಡನೆಯದು ತನ್ನ ಗದ್ದದ ಮೇಲೆ. ಮೂರನೆಯದು ಅರ್ಧ ಚೆಲ್ಲಿ, ಅರ್ಧ ಬಾಯಿ ಮುಟ್ಟಿತು. ಗದ್ದ ಎದೆಯ ಕಡೆಗೆ ಬಗ್ಗಿತು. ಕುತ್ತಿಗೆಯ ಗಂಟು ಮೇಲೆ ಹೋಯಿತು, ಕೆಳಗೆ ಬಂತು. ಕೆಮ್ಮು ಬರಲಿಲ್ಲ.

ಸೊಸೆ ಗಂಡನನ್ನು ನೋಡಿದಳು. ಮಗುವಿಗೆ ತುತ್ತು ಕೊಡುವವರ ಹಾಗೆ ಅವನ ಬಾಯಿ ತೆರೆದೇ ಇತ್ತು.

ಬಟ್ಟಲು ಮುಗಿಯಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವನು ಕೈಯ ಮೇಲೆ ಕೂತೇ ಇದ್ದ. ಎದ್ದಾಗ ಕೈ ಜೋಮು ಹಿಡಿದು, ಬೆರಳು ಮಡಚಲಾಗದೆ ಕೊಡವಿದ. ಅವಳ ಹತ್ತಿರ ಬಂದು, ಹುಬ್ಬಿನ ಮೇಲಿನ ಗಾಯವನ್ನು ನೋಡಲಾರದೆ ನೆಲ ನೋಡುತ್ತ, "ನನಗೂ ಸ್ವಲ್ಪ ಹಾಕ್ತೀಯಾ?" ಎಂದ.

ಅವಳು ಮಾವನ ಅಂಗಿಯ ಮೇಲಿನ ಸೂಪು ಒರೆಸುತ್ತಿದ್ದಳು. ತಿರುಗಲಿಲ್ಲ.

"ಪಾತ್ರೆ ಅಲ್ಲಿದೆ," ಎಂದಳು. "ಕೈ ನಿಮ್ಮದೇ."